ಕಚ್ಚಿಟ್ಟ ರೊಟ್ಟಿ

ಗುಲ್‌ಚಮನ್, ಹತ್ತಿ ಹೊಲದ ಹನ್ನೆರಡನೇ ಬ್ರಿಗೇಡಿನ ಮೂಲೆಮನೆ,
ವಖ್ಶ್ ಕಣಿವೆ, ತಜಿಕಿಸ್ತಾನ
24 ಜುಲೈ 1997, ಗುರುವಾರ

ಪ್ರೀತಿಯ ಮಗ ಫೈಜುಲ್ಲೊಗೆ ಅಮ್ಮನ ಸಲಾಮು, ಸಾವಿರ ಆಶೀರ್ವಾದ.

ಹೇಗಿದ್ದೀಯ ಮಗಾ? ಇಟ್ಟಿಗೆ ಗೂಡಿನ ಕೆಲಸದಲ್ಲಿ ಬೆನ್ನು ಹಿಡಿದುಕೊಂಡಿದೆ ಎಂದು ಬರೆದಿದ್ದೆಯಲ್ಲ, ವಾಸಿಯಾಯಿತೆ? ಮೊಹಿರಾಳಿಗೆ ಹೇಳು, ಕುರಿಯ ಕೊಬ್ಬನ್ನು ಬಿಸಿ ಮಾಡಿ ಉಜ್ಜಿ ಮೇಲೆ ಉಣ್ಣೆಬಟ್ಟೆ ಕಟ್ಟಲಿ. ನಿನ್ನಪ್ಪ ಮೂವತ್ತು ವರ್ಷ ಟ್ರ್ಯಾಕ್ಟರಿನ ಮೇಲೆ ಕುಲುಕಿಯೂ ಕೊನೆಯ ದಿನದವರೆಗೆ ನೆಟ್ಟಗೆ ನಡೆದದ್ದು ಅದರಿಂದಲೇ. ನೀನು ಹೆಂಡತಿಯ ಮಾತು ಕೇಳುವವನಲ್ಲ, ಅದೂ ಅಪ್ಪನಿಂದ ಬಂದದ್ದು. ಆದರೆ ಅವರು ಗೊಣಗುತ್ತಲಾದರೂ ಬೆನ್ನು ಕೊಡುತ್ತಿದ್ದರು. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಹವಾಮಾನ ಹೇಳುತ್ತದೆ, ರೇಡಿಯೋಗಿಂತ ಸರಿಯಾಗಿ. ಈ ಕಾಗದವನ್ನು ಲಾರಿಯ ಸೈದ್‌ಮುರೋದ್ ತರುತ್ತಾನೆ. ಹೆಂಡತಿಯ ಅಣ್ಣನ ಸಂಸಾರವನ್ನು ಕರೆತರಲು ಅವನು ಇವತ್ತು ಮಧ್ಯಾಹ್ನದ ನಮಾಜು ಮುಗಿಸಿ ಗಡಿಯ ನದಿ ದಾಟಿ ನೀವಿರುವ ಪರದೇಶಕ್ಕೆ ಹೊರಡುತ್ತಾನಂತೆ. ಅದಕ್ಕೇ ಬೆಳಗಿನ ಚಹಾ ಕುಡಿದವಳೇ ಹಿಪ್ಪುನೇರಳೆ ಮರದ ಕೆಳಗೆ ಕಾಗದ ಹಿಡಿದು ಕುಳಿತಿದ್ದೇನೆ. ಜೊತೆಗೆ ಒಂದು ಚೀಲ ಒಣ ಜರ್ದಾಳು ಕಳಿಸುತ್ತಿದ್ದೇನೆ. ನನ್ನ ಮೊಮ್ಮಗಳು ನಿಗಿನಾಗೆ ಒಮ್ಮೆಲೇ ಕೊಡಬೇಡಿ, ಹೊಟ್ಟೆ ಕೆಡುತ್ತದೆ.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಅದರಲ್ಲಿ ಎರಡು ಮಾತಿದ್ದವು. ಒಂದು, ನಿನ್ನ ಮಗಳು ಕೇಳಿದ ಪ್ರಶ್ನೆ: "ನಮ್ಮನೆ ಆಚೆ ಕಡೆ ಇದ್ರೆ ನಾವ್ಯಾಕೆ ಈಚೆ ಕಡೆ ಇದೀವಿ? ಯುದ್ಧ ಯಾಕಾಯ್ತು?" ನನಗೆ ಉತ್ತರ ಗೊತ್ತಿಲ್ಲಮ್ಮ, ನೀನೇ ಬರೆದು ಕಳಿಸು ಎಂದಿದ್ದೀಯ. ಚೆನ್ನಾಗಿದೆ. ಬಂದೂಕು ಹಿಡಿದವರಿಗೆ ಗೊತ್ತಿಲ್ಲ, ಶಿಶುವಿಹಾರದಲ್ಲಿ ಗಂಜಿ ತಿರುವಿದವಳನ್ನು ಕೇಳುತ್ತಾರೆ. ಎರಡನೆಯ ಮಾತು ನೀನು ಊರಿಗೆ ಯಾಕೆ ಬರುವುದಿಲ್ಲ ಎಂಬುದು. ಕಳೆದ ತಿಂಗಳು ದೊಡ್ಡವರು ಮಾಸ್ಕೋದಲ್ಲಿ ಶಾಂತಿಗೆ ಸಹಿ ಹಾಕಿದ್ದಾರೆ, ಈಗ ವಾರಕ್ಕೊಂದು ಲಾರಿಯಲ್ಲಿ ಜನ ಮರಳುತ್ತಿದ್ದಾರೆ, ಆದರೆ ನೀನು ಎಂದೂ ಬರುವುದಿಲ್ಲ ಎಂದು ಬರೆದಿದ್ದೀಯ. ಪಕ್ಕದ ಮನೆಯ ಸವ್ರಿ ಚಿಕ್ಕಮ್ಮನ ಮುಖ ಹೇಗೆ ನೋಡಲಿ ಎಂದು ಕೇಳಿದ್ದೀಯ. ಐದು ವರ್ಷ ನನಗೂ ಹೇಳದೆ ಇಟ್ಟುಕೊಂಡ ಆ ಕಾರಣ ಈಗ ನನಗೆ ಗೊತ್ತು. ಅವಳಿಗೂ ಗೊತ್ತು. ಅದು ಹೇಗೆ ಗೊತ್ತಾಯಿತೆಂದು ಆಮೇಲೆ ಬರೆಯುತ್ತೇನೆ. ಮೊದಲು ಮಗುವಿನ ಪ್ರಶ್ನೆ.

ನಿಗಿನಾಗೆ ಹೀಗೆ ಹೇಳು. ನಿನ್ನ ಅಜ್ಜಿ ಹುಟ್ಟಿದ್ದು ಈ ಬಯಲಿನಲ್ಲಲ್ಲ, ಗರ್ಮ್ ಬೆಟ್ಟಗಳಲ್ಲಿ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಬೆಟ್ಟಕ್ಕೆ ಲಾರಿಗಳು ಬಂದವು. ಕೆಳಗೆ ಬಯಲಿನಲ್ಲಿ ಹತ್ತಿ ಬೆಳೆಯಬೇಕು, ಕೈಗಳು ಸಾಲುತ್ತಿಲ್ಲ, ಲಾರಿ ಹತ್ತಿ ಎಂದರು. ನನ್ನಪ್ಪ ಸೇಬಿನ ಮರಗಳನ್ನು ಒಂದೊಂದಾಗಿ ಮುಟ್ಟಿ ಬಂದು ಲಾರಿ ಹತ್ತಿದರು. ಇಲ್ಲಿ ನೋಡಿದರೆ ಜೊಂಡು, ಸೊಳ್ಳೆ, ಉಪ್ಪು ನೆಲ. ಮೊದಲ ಎರಡು ಬೇಸಿಗೆಯಲ್ಲಿ ನನ್ನ ಇಬ್ಬರು ತಮ್ಮಂದಿರು ಜ್ವರದಲ್ಲಿ ಹೋದರು. ನಾವು ಬಂದ ವರ್ಷವೇ ಕುಲೋಬ್ ಕಡೆಯ ಬೆಟ್ಟಗಳಿಂದಲೂ ಲಾರಿಗಳು ಬಂದವು, ಅವುಗಳಲ್ಲೊಂದರಲ್ಲಿ ಸವ್ರಿ ಮೂಗು ಸುರಿಸುತ್ತ ಕುಳಿತಿದ್ದಳು. ಮೂಗು ಸುರಿಸಿದ್ದನ್ನು ಅವಳು ಇವತ್ತಿಗೂ ಒಪ್ಪುವುದಿಲ್ಲ. ಒಂದೇ ಮಾತು, ಒಂದೇ ನಮಾಜು, ಒಂದೇ ಪಲಾವಿನ ಜನ ನಾವು. ಆದರೂ ಅಧಿಕಾರಿಗಳು ಬೆಟ್ಟಕ್ಕೊಂದು ಓಣಿ ಮಾಡಿ ಕೂರಿಸಿದರು: ಇದು ಗರ್ಮಿಗಳದು, ಇದು ಕುಲೋಬಿಗಳದು. ಎರಡು ಓಣಿ ಕೂಡುವ ಮೂಲೆಯಲ್ಲಿ ನಮ್ಮ ಮನೆ ಬಿತ್ತು, ಅದರಿಂದ ಸವ್ರಿಗೂ ನಮಗೂ ಒಂದೇ ಗೋಡೆಯಾಯಿತು.

ನಲವತ್ತು ವರ್ಷ ಎಲ್ಲರಿಗೂ ಮಾಸ್ಕೋ ಎಂಬ ಒಬ್ಬನೇ ಯಜಮಾನ. ಹಿಟ್ಟು, ಸಕ್ಕರೆ, ಸೋಪು, ಡೀಸೆಲ್ಲು ಅವನದೇ. ಕುರ್ಚಿ ಹಂಚುವವನೂ ಅವನೇ. ದೊಡ್ಡ ಕುರ್ಚಿಗಳು ಉತ್ತರದವರಿಗೆ, ಅವರ ಹಿಂದೆ ಟೋಪಿ ಲಾಠಿ ಕುಲೋಬಿಗಳಿಗೆ, ಸಂತೆಯ ತಕ್ಕಡಿ ನಮ್ಮ ಗರ್ಮಿನವರಿಗೆ. ಯಾರಿಗೂ ಸಮಾಧಾನವಿರಲಿಲ್ಲ, ಆದರೆ ಬಾಯಿ ಬಿಡುವ ಧೈರ್ಯವೂ ಇರಲಿಲ್ಲ. ಒಂದು ಸೆಪ್ಟೆಂಬರಿನಲ್ಲಿ ನಾವು ಸ್ವತಂತ್ರ ಗಣರಾಜ್ಯವಾದೆವೆಂದು ರೇಡಿಯೋ ಹೇಳಿತು. ನಾನು ಆಗ ಅಡುಗೆಮನೆಯಲ್ಲಿ ಅರವತ್ತು ಮಕ್ಕಳ ಗಂಜಿ ತಿರುವುತ್ತಿದ್ದೆ, ಅದು ತಳ ಹಿಡಿಯಿತು. ನಿಗಿನಾಗೆ ಹೇಳು, ನಮ್ಮ ಗಣರಾಜ್ಯ ಅವಳಿಗಿಂತ ಆರೇ ತಿಂಗಳು ದೊಡ್ಡದು. ಆ ಚಳಿಗಾಲ ಹಿಟ್ಟು ಬರಲಿಲ್ಲ. ಹಿರಿಯ ಕಣ್ಣು ಮುಚ್ಚಿದ ಮನೆಯಲ್ಲಿ ಅಣ್ಣತಮ್ಮಂದಿರು ಪೆಟ್ಟಿಗೆಯ ಕೀಲಿಗೆ ಕೈ ಹಾಕಿದಂತೆ ಎಲ್ಲರೂ ಒಟ್ಟಿಗೆ ಕೈ ಹಾಕಿದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಕೆಲವರು ಅದಕ್ಕೆ ಧರ್ಮದ ಹೆಸರಿಟ್ಟರು, ಕೆಲವರು ಪ್ರಜಾಪ್ರಭುತ್ವದ ಹೆಸರು, ಕೆಲವರು ಹಳೆಯ ಪಕ್ಷದ ಹೆಸರು. ಆ ಹೆಸರುಗಳಲ್ಲಿ ಸತ್ಯ ಇರಲೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅಡುಗೆಯವಳ ಕಣ್ಣಿಗೆ ಕಂಡದ್ದು ಖಾಲಿ ಹಿಟ್ಟಿನ ಡಬ್ಬ, ಮತ್ತು ಅದಕ್ಕೆ ಪಕ್ಕದ ಓಣಿಯವರೇ ಕಾರಣ ಎಂದು ಎರಡೂ ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ ಬಾಯಿಗಳು.

ಆ ಏಪ್ರಿಲ್ ನೆನಪಿದೆಯಲ್ಲ. ರಾಜಧಾನಿಯಲ್ಲಿ ಎರಡು ಚೌಕ. ಒಂದರಲ್ಲಿ ಸರ್ಕಾರ ಬೇಡ ಎನ್ನುವವರು, ಇನ್ನೊಂದರಲ್ಲಿ ಬೇಕು ಎನ್ನುವವರು. ಎರಡೂ ಕಡೆ ಡೇರೆ, ಎರಡೂ ಕಡೆ ಪಲಾವಿನ ಕಡಾಯಿ, ನಡುವೆ ನಡೆದು ಮುಗಿಸುವಷ್ಟು ದೂರ. ನೀನು ಬೇಡ ಎನ್ನುವವರ ಚೌಕಕ್ಕೆ, ಸವ್ರಿಯ ಮಗ ದಾವ್ರೋನ್ ಬೇಕು ಎನ್ನುವವರ ಚೌಕಕ್ಕೆ, ಇಬ್ಬರೂ ಹೋದದ್ದು ಒಂದೇ ಬಸ್ಸಿನಲ್ಲಿ. ಆ ಬೆಳಿಗ್ಗೆ ಸವ್ರಿ ಎಂದಿನಂತೆ ಹಿಟ್ಟು ಕಲಸಿಕೊಂಡು ನಮ್ಮ ತಂದೂರಿಗೇ ಬಂದಿದ್ದಳು. ಅವಳ ತಂದೂರು ಒಡೆದು ಆರು ವರ್ಷವಾಗಿತ್ತು, ಹೊಸದು ಕಟ್ಟುತ್ತೇನೆ ಎಂದು ಆರೂ ವರ್ಷ ಹೇಳಿದ್ದಳು. ಹೊರಡುವವರು ಕಚ್ಚಬೇಕಲ್ಲ, ಇಬ್ಬರೂ ಒಂದೊಂದು ರೊಟ್ಟಿಯನ್ನು ಒಂದೊಂದು ತುತ್ತು ಕಚ್ಚಿದಿರಿ. ನಿಗಿನಾಗೆ ಗೊತ್ತಿಲ್ಲದಿದ್ದರೆ ತಿಳಿಸು: ಕಚ್ಚಿದ ರೊಟ್ಟಿಯನ್ನು ಗೋಡೆಯ ಮೊಳೆಗೆ ತೂಗುಹಾಕಬೇಕು, ಹೋದವನು ಬಂದು ಉಳಿದದ್ದನ್ನು ತಾನೇ ಮುಗಿಸಬೇಕು, ಅಲ್ಲಿಯವರೆಗೆ ರೊಟ್ಟಿ ಅವನನ್ನು ಕರೆಯುತ್ತಲೇ ಇರುತ್ತದೆ. ದಾವ್ರೋನ್ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ದೊಡ್ಡಮ್ಮಾ, ನಿನ್ ಮಗ ಅಲ್ಲಿ ಹಸ್ಕೊಂಡ್ರೆ ನಮ್ ಚೌಕಕ್ಕೆ ಬರ್ಲಿ. ನಮ್ ಪಲಾವಲ್ಲಿ ಮಾಂಸ ಜಾಸ್ತಿ." ನೀನು ಅವನ ಕತ್ತಿನ ಮೇಲೊಂದು ಕೊಟ್ಟೆ. ಮದುವೆಗೆ ಹೊರಟವರಂತೆ ಹೊರಟಿರಿ.

ಮೇ ತಿಂಗಳಲ್ಲಿ ಇಬ್ಬರೂ ಬಂದಿರಿ, ಒಣಗಿದ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ಮುಗಿಸಿದಿರಿ, ಆದರೆ ಗೋಡೆಯ ಈಚೆಗೊಬ್ಬ ಆಚೆಗೊಬ್ಬ ಕುಳಿತು. ದಾವ್ರೋನ್ ಇದ್ದ ಚೌಕದಲ್ಲಿ ಮೇಲಿನವರೇ ಬಂದೂಕು ಹಂಚಿದ್ದರು. ನಿಮ್ಮ ಚೌಕದವರೂ ಹುಡುಕಿಕೊಂಡರು. ಅಲ್ಲಿಂದ ಮುಂದಿನದನ್ನು ನಿಗಿನಾಗೆ ವಿವರಿಸಿ ಹೇಳಬೇಡ, ಅವಳಿಗೆ ಐದೇ ವರ್ಷ. ಬೇಸಿಗೆಯಲ್ಲಿ ಯುದ್ಧ ರಾಜಧಾನಿಯಿಂದ ಇಳಿದು ನಮ್ಮ ಕಣಿವೆಗೆ ಬಂತು ಎಂದು ಮಾತ್ರ ಹೇಳು. ಯಾಕೆಂದರೆ ಎರಡು ಓಣಿ ಗೋಡೆಗೆ ಗೋಡೆ ತಾಗಿಕೊಂಡು ಇದ್ದದ್ದು ಇಲ್ಲೇ. ಜೂನ್ ಕೊನೆಗೆ ದಾವ್ರೋನ್ ಅವರ ಕಡೆ ಸೇರಲು ಹೊರಟ. ಹೊರಡುವ ಮೊದಲು ನನ್ನ ತಂದೂರಿನ ರೊಟ್ಟಿಯನ್ನೇ ಕಚ್ಚಿದ, ನನ್ನ ಕೈಗೆ ಮುತ್ತಿಟ್ಟ. ನಾನು ಅವನಿಗೆ ಬರೀ ನೆರೆಯವಳಲ್ಲ. ಅವನು ಹುಟ್ಟಿದಾಗ ಸವ್ರಿ ನಲವತ್ತು ದಿನ ಜ್ವರದಲ್ಲಿ ಮಲಗಿದ್ದಳು, ನಿನಗೆ ಆಗ ಆರು ತಿಂಗಳು, ಎಡಕ್ಕೆ ನೀನು ಬಲಕ್ಕೆ ಅವನು. ಹಾಲಿನ ಲೆಕ್ಕದಲ್ಲಿ ನೀವು ಅಣ್ಣತಮ್ಮಂದಿರು. ಸೆಪ್ಟೆಂಬರಿನಲ್ಲಿ ನೀನೂ ಹೊರಟೆ. ನಾನು ಬೇಡವೆಂದೆ, ಮೊಹಿರಾ ಮಗುವನ್ನು ನಿನ್ನ ಕಾಲ ಬಳಿ ಮಲಗಿಸಿದಳು, ನೀನು ಮಗುವನ್ನು ದಾಟಿ ಹೋದೆ. ಆದರೂ ರೊಟ್ಟಿ ಮಾತ್ರ ಕಚ್ಚಿ ಹೋದೆ. ಗೋಡೆಯ ಆ ಬದಿಯ ಮೊಳೆಯಲ್ಲಿ ಅವನದು, ಈ ಬದಿಯ ಮೊಳೆಯಲ್ಲಿ ನಿನ್ನದು.

ಹತ್ತಿ ಬಿಡಿಸುವ ಕಾಲಕ್ಕೆ ದಾವ್ರೋನ್‌ನನ್ನು ಲಾರಿಯಲ್ಲಿ ತಂದರು. ಕಾಲುವೆಯ ಸೇತುವೆಯ ಹತ್ತಿರ ಬೆಳಗಿನ ಮಂಜಿನಲ್ಲಿ ಆದದ್ದು ಎಂದಷ್ಟೇ ಹೇಳಿದರು. ಗರ್ಮಿಗಳ ಓಣಿಯವರು ಆ ಮನೆಗೆ ಹೋಗುವ ದಿನಗಳಲ್ಲ ಅವು, ಆದರೆ ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚಬಾರದಲ್ಲ. ನಾನು ಮೂರು ದಿನವೂ ಬೇಯಿಸಿ ಗೋಡೆಯ ಕಿಂಡಿಯಲ್ಲಿ ಬಟ್ಟಲು ದಾಟಿಸಿದೆ. ಎದೆ ಬಡಿದುಕೊಳ್ಳಲು ನನಗೂ ಹಕ್ಕಿತ್ತು. ಕಿಂಡಿಯ ಈಚೆ ನಿಂತು ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತೆ. ಅದಾಗಿ ತಿಂಗಳು ತುಂಬಿತ್ತೋ ಇಲ್ಲವೋ, ಒಂದು ಬೆಳಿಗ್ಗೆ ಅದೇ ಕಿಂಡಿಯಲ್ಲಿ ಸವ್ರಿಯ ಮುಖ. "ಓಯ್ನಿಸೊ, ಇವತ್ತೇ ಹೊರಡು. ಸಂಜೆಗೆ ನಮ್ಮೋರು ನಿಮ್ ಓಣಿಗೆ ಬರ್ತಾರೆ. ಯಾಕೆ ಏನು ಕೇಳ್ಬೇಡ." ಇಪ್ಪತ್ತಾರರ ಮಗನನ್ನು ಮಣ್ಣಿಗಿಟ್ಟು ಬಂದ ತಾಯಿ ಅವಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಿಗಿನಾ ಇವತ್ತು ಪ್ರಶ್ನೆ ಕೇಳುವಷ್ಟು ದೊಡ್ಡವಳಾಗಿದ್ದರೆ ಆ ಕಿಂಡಿಯಿಂದಾಗಿ.

ಈಗ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು, ಬೈಯಬೇಡ. ಆ ದಿನ ನಾನು ಕುರಾನು ತೆಗೆದುಕೊಂಡೆ, ಚಹಾದ ಕೆಟಲ್ ತೆಗೆದುಕೊಂಡೆ, ಮಗುವಿನ ರಜಾಯಿ, ನಿನ್ನಪ್ಪನ ಮೆಡಲು, ಎರಡು ಈರುಳ್ಳಿ ಕೂಡ ತೆಗೆದುಕೊಂಡೆ. ನಿನ್ನ ರೊಟ್ಟಿಯನ್ನು ಮೊಳೆಯಲ್ಲೇ ಮರೆತೆ. ಹೆದ್ದಾರಿಯಲ್ಲಿ ನೀನು ನಮ್ಮ ಗುಂಪನ್ನು ಹುಡುಕಿ ಬಂದು ಸೇರಿಕೊಂಡಾಗ ನೆನಪಾಯಿತು. ಹಿಂದೆ ಹೊಗೆ ಏಳುತ್ತಿತ್ತು. ದಾವ್ರೋನ್ ಹೋದ ಮಗಾ ಎಂದು ನಿನಗೆ ಆಗಲೇ ಹೇಳಿದೆ. ನೀನು ಮುಖ ತಿರುಗಿಸಿಕೊಂಡೆ, ನಾನು ದುಃಖವೆಂದುಕೊಂಡೆ. ನದಿಯ ದಂಡೆಯ ಆ ಹನ್ನೊಂದು ದಿನ, ಹಿಮ, ತೆಪ್ಪಕ್ಕೆ ಮುಗಿಬಿದ್ದವರು, ನೀರು ಪಾಲಾದವರು, ಅದನ್ನೆಲ್ಲ ನಾನು ಬರೆಯುವುದಿಲ್ಲ, ನೀನೇ ಕಂಡಿದ್ದೀಯ. ಆ ದಡ ಸೇರಿದ ಮೇಲೂ ನನ್ನ ತಲೆಯಲ್ಲಿ ಇದ್ದದ್ದು ಆ ರೊಟ್ಟಿಯೇ. ಕರೆಯುವುದನ್ನು ಬೆಂಕಿಗೆ ಬಿಟ್ಟು ಬಂದೆನಲ್ಲ, ಇನ್ನು ನನ್ನ ಮಗ ಮನೆಗೆ ಬರುವುದು ಹೇಗೆ ಎಂದು.

ಎರಡು ವರ್ಷದ ಹಿಂದೆ ಮುದುಕಿಯರಿಗೆ ಭಯವಿಲ್ಲ ಎಂದು ಕೇಳಿ ನಾನೊಬ್ಬಳೇ ಮರಳಿದೆನಲ್ಲ, ಆಗ ಮೊದಲು ನೋಡಿದ್ದು ಆ ಮೊಳೆಯನ್ನು. ಮೊಳೆ ಇತ್ತು, ರೊಟ್ಟಿ ಇರಲಿಲ್ಲ. ಚಾವಣಿಯೂ ಇರಲಿಲ್ಲ ಬಿಡು. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಂದು ಮಾತಿಗೆ ಹೇಳುತ್ತೇವೆ, ನಮ್ಮ ಓಣಿಯಲ್ಲಿ ಒಂದೂ ಗಳ ಬಿಟ್ಟಿರಲಿಲ್ಲ. ತೊಲೆ, ಕಿಟಕಿ, ನೆಲದ ಹಲಗೆ ಎಲ್ಲ ಹೋಗಿತ್ತು. ನಿನ್ನಪ್ಪ ಮಾಡಿದ ನೀಲಿ ಬಾಗಿಲು ಮಾತ್ರ ಕಣ್ಣಿಗೆ ಬಿತ್ತು, ಸವ್ರಿಯ ಮನೆಯ ಗೋಡೆಯಲ್ಲಿ. "ನನ್ ಬಾಗ್ಲು ಕದ್ಯಾ?" ಎಂದು ಕೇಳಿದೆ. "ಕದ್ದೆ. ನಾನು ಕದೀದಿದ್ರೆ ಬೇರೆಯೋರು ಕದ್ದು ಚಹಾ ಕಾಯ್ಸ್ಕೊಂಡಿರೋರು. ಬೇಕಾದ್ರೆ ಕಿತ್ಕೊಂಡು ಹೋಗು," ಎಂದಳು. ಕಿತ್ತು ತಂದು ಕೂರಿಸಲು ನನ್ನಲ್ಲಿ ಚೌಕಟ್ಟೇ ಇರಲಿಲ್ಲ. ಆ ಬಾಗಿಲು ಇವತ್ತಿಗೂ ಅಲ್ಲೇ ಇದೆ, ನನ್ನ ಬಾಗಿಲಿಗೆ ಕಂಬಳಿ ಇದೆ. ರೊಟ್ಟಿಯ ವಿಷಯ ನಾನು ಯಾರನ್ನೂ ಕೇಳಲಿಲ್ಲ. ಇಲಿಯೋ ಸೈನಿಕರೋ ತಿಂದಿರಬೇಕು, ಕೇಳಿದರೆ ಮರೆತವಳು ನಾನೇ ಎಂದು ಹೇಳಬೇಕಾಗುತ್ತಿತ್ತು. ನೀನು ಪ್ರತಿ ಕಾಗದದಲ್ಲೂ "ನನ್ನ ರೊಟ್ಟಿ ಇದೆಯಾ ಅಮ್ಮಾ" ಎಂದು ಕೇಳಿದೆ. ನಾನು ಪ್ರತಿ ಕಾಗದದಲ್ಲೂ ಇದೆ ಎಂದು ಬರೆದೆ. ಅದು ಸುಳ್ಳು ಮಗಾ.

ಮೊದಲ ಚಳಿಗಾಲ ನಾನು ಸವ್ರಿಯ ಮನೆಯಲ್ಲೇ ಮಲಗಿದೆ. ನನ್ನ ತಂದೂರನ್ನು ಯಾರೂ ಹೊತ್ತುಕೊಂಡು ಹೋಗಲು ಆಗಿರಲಿಲ್ಲ. ಅದರಲ್ಲಿ ಮತ್ತೆ ಇಬ್ಬರೂ ಬೇಯಿಸತೊಡಗಿದೆವು. ಹೊಸ ತಂದೂರು ಕಟ್ಟುತ್ತೇನೆ ಎಂದು ಅವಳು ಮತ್ತೆ ಹೇಳತೊಡಗಿದಳು. ಅವಳ ಕಣ್ಣಿಗೆ ಪೊರೆ ಬಂದಿದೆ, ಅದಕ್ಕೆ ನಿನ್ನ ಕಾಗದ ಬಂದಾಗಲೆಲ್ಲ ನಾನು ಗಟ್ಟಿಯಾಗಿ ಓದುತ್ತೇನೆ, ಅವಳು ಚಹಾ ಬಗ್ಗಿಸುತ್ತ ಕೇಳುತ್ತಾಳೆ, ನಿಗಿನಾಳ ತುಂಟತನಕ್ಕೆ ನನಗಿಂತ ಹೆಚ್ಚು ನಗುತ್ತಾಳೆ. ಆ ದಿನವೂ ಹಾಗೆಯೇ ಓದಿದೆ. ಬೆನ್ನುನೋವು ಓದಿದೆ, ಮಗುವಿನ ಪ್ರಶ್ನೆ ಓದಿದೆ, ಸವ್ರಿ "ನೋಡು, ಇವ್ಳು ವಕೀಲೆ ಆಗ್ತಾಳೆ" ಎಂದಳು. ಹಾಳೆ ತಿರುವಿದೆ. ಅಲ್ಲಿ ಸೇತುವೆ ಇತ್ತು. ಮಂಜಿನಲ್ಲಿ ಲಾರಿ ಬಂದದ್ದು, ನಿಲ್ಲಿ ಎಂದರೂ ನಿಲ್ಲದ್ದು, ನೀವು ಒಂಬತ್ತು ಜನ ಗುಂಡು ಹಾರಿಸಿದ್ದು, ಹತ್ತಿರ ಹೋಗಿ ನೋಡಿದಾಗ ದಾವ್ರೋನ್ ಇದ್ದದ್ದು. ನಾನು ಬೇಗಬೇಗನೆ ಕೊನೆಯ ಸಾಲಿಗೆ ಹಾರಿ "ಎಲ್ಲರಿಗೂ ಸಲಾಮು" ಎಂದು ಓದಿ ಕಾಗದ ಮಡಚಿದೆ. ಸವ್ರಿ ಕೆಟಲ್ ಕೆಳಗಿಟ್ಟಳು. "ಕಣ್ಣಿಗೆ ಪೊರೆ ಬಂದಿದೆ ಕಣೇ, ಕಿವಿಗಲ್ಲ. ಹಾಳೆ ತಿರುವಿದ ಮೇಲೆ ನೀನು ಓದಿದ್ದು ಒಂದೇ ಸಾಲು. ಮಧ್ಯದ್ದು ಓದು." ನಾನು ಆಗಲ್ಲ ಎಂದೆ. "ನಮ್ ಹುಡ್ಗನ ವಿಷ್ಯಾನಾ?" ಎಂದಳು. ನಾನು ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. "ಹಂಗಾದ್ರೆ ಓದು. ಐದು ವರ್ಷ ಆಯ್ತು, ನಂಗೆ ಯಾರೂ ಏನೂ ಹೇಳಿಲ್ಲ."

ಓದಿದೆ ಮಗಾ. ಒಂದು ಅಕ್ಷರ ಬಿಡದೆ ಓದಿದೆ. "ಯಾರ ಗುಂಡೋ ಗೊತ್ತಿಲ್ಲ, ಆದರೆ ನಾನೂ ಹಾರಿಸಿದೆ, ಅವನ ಕಣ್ಣು ಮುಚ್ಚಿದ್ದು ನಾನೇ" ಎಂದು ನೀನು ಬರೆದದ್ದನ್ನೂ ಓದಿದೆ. ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು, ಅವನು ಏನಾದರೂ ಅಂದನಂತಾ ಎಂದು. ಅದನ್ನು ನೀನು ಬರೆದಿರಲಿಲ್ಲ. ಅವಳು ಎದ್ದು, ಮಂಡಿಯ ಮೇಲಿನ ರೊಟ್ಟಿಯ ಚೂರುಗಳನ್ನು ಅಂಗೈಗೆ ಕೂಡಿಸಿ ಬಾಯಿಗೆ ಹಾಕಿಕೊಂಡು, ನಿನ್ನಪ್ಪ ಮಾಡಿದ ಬಾಗಿಲು ತೆಗೆದು ಒಳಗೆ ಹೋದಳು. ಅದಾಗಿ ಹನ್ನೆರಡು ದಿನ. ಕಿಂಡಿಗೆ ಇಟ್ಟಿಗೆ ಅಡ್ಡ ಇಟ್ಟಿದ್ದಾಳೆ. ಹಿಟ್ಟು ಕಲಸಿಕೊಂಡು ಬಂದಿಲ್ಲ. ಕೆಳಗಿನ ಓಣಿಯವರ ತಂದೂರಿಗೆ ಹೋಗಿ ಬೇಯಿಸಿಕೊಳ್ಳುತ್ತಿದ್ದಾಳೆ ಎಂದು ಕೇಳಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಮೊದಲ ಮೂರು ದಿನ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಆ ಗಾದೆಯನ್ನು ಬಿಟ್ಟೆ.

ನಿನ್ನ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ನೀನು ಹಾರಿಸಿದ್ದು ನನ್ನ ಹಾಲು ಕುಡಿದವನ ಮೇಲೆ. ಅವನಿಗೆ ಅವಕಾಶ ಸಿಕ್ಕಿದ್ದರೆ ಅವನೂ ಹಾರಿಸುತ್ತಿದ್ದ, ಅದೂ ನನಗೆ ಗೊತ್ತು, ಆಗ ಇಟ್ಟಿಗೆ ಇಡುವವಳು ನಾನಾಗಿರುತ್ತಿದ್ದೆ. ಆದರೆ ಸಿಟ್ಟಿನ ಜೊತೆಗೆ ಒಂದು ತೂಕ ಇಳಿದದ್ದೂ ನಿಜ. ಐದು ವರ್ಷ ಇದನ್ನು ಒಬ್ಬನೇ ಹೊತ್ತು ಇಟ್ಟಿಗೆಯನ್ನೂ ಹೊತ್ತೆಯಲ್ಲ, ಬೆನ್ನು ಹಿಡಿಯದೆ ಇನ್ನೇನಾಗುತ್ತದೆ. ಬಾ ಎಂದು ನಾನು ಬರೆಯಲಾರೆ. ಮೌಲ್ವಿ ಬಾ ಎನ್ನಬಹುದು, ಶಾಂತಿಯ ಕಾಗದದಲ್ಲಿ ಎಲ್ಲರಿಗೂ ಕ್ಷಮೆ ಎಂದು ಬರೆದಿರಬಹುದು, ಆದರೆ ಈ ಓಣಿಯಲ್ಲಿ ನಿನ್ನನ್ನು ಬಾ ಎನ್ನುವ ಬಾಯಿ ಒಂದೇ, ಅದು ಗೋಡೆಯ ಆಚೆ ಇದೆ. ಬರಬೇಡ ಎಂದೂ ಬರೆಯಲಾರೆ. ನನಗೆ ಐವತ್ತೈದು ವರ್ಷ, ಮೊಮ್ಮಗಳನ್ನು ನೋಡಿ ಎರಡು ವರ್ಷವಾಯಿತು. ಸೈದ್‌ಮುರೋದ್ ಹೊರಡುವ ಹೊತ್ತಾಯಿತು. ಅದಕ್ಕೆ ಇಷ್ಟೇ ಬರೆಯುತ್ತೇನೆ: ಬೆನ್ನು ನೋಡಿಕೋ, ಮೊಹಿರಾಳನ್ನು ಗದರಬೇಡ, ಮಗುವಿಗೆ ಸುಳ್ಳು ಹೇಳಬೇಡ.

ಮೊಹಿರಾಳ ಎರಡೂ ಕೆನ್ನೆಗೆ, ನಿಗಿನಾಳ ಹಣೆಗೆ ನನ್ನ ಮುತ್ತು. ಅಲ್ಲಾಹ್ ನಿಮ್ಮ ನೆತ್ತಿಯ ಮೇಲೆ ಕೈ ಇಟ್ಟಿರಲಿ, ನಿಮ್ಮ ಒಲೆ ಆರದಿರಲಿ.

ನಿನ್ನ ಅಮ್ಮ,
ಓಯ್ನಿಸೊ

ತಾ.ಕ. ಲಾರಿ ಹಾರ್ನ್ ಹೊಡೆಯುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ. ಈಗ ತಾನೇ ಸವ್ರಿ ಬಂದಳು. ತಲೆಯ ಮೇಲೆ ಹಿಟ್ಟಿನ ಬೋಗುಣಿ, ಕೈಯಲ್ಲಿ ಒಂದು ಬಟ್ಟೆಗಂಟು. ಗಂಟು ಬಿಚ್ಚಿದರೆ ಹುಳು ಬಾರದಂತೆ ಇಡುವ ಇಸ್ಪಂದ್ ಸೊಪ್ಪಿನ ನಡುವೆ ಎರಡು ರೊಟ್ಟಿ, ಎರಡಕ್ಕೂ ನನ್ನ ತಂದೂರಿನ ಮುದ್ರೆ, ಎರಡಕ್ಕೂ ಒಂದೊಂದು ಕಚ್ಚು. ಬಾಗಿಲು ಕಿತ್ತ ದಿನವೇ ನಿನ್ನದನ್ನೂ ಮೊಳೆಯಿಂದ ತೆಗೆದಳಂತೆ, ತನ್ನ ಮಗನದರ ಜೊತೆ ರಜಾಯಿಗಳ ಹಿಂದೆ ತೂಗುಹಾಕಿದಳಂತೆ. "ಎರಡು ವರ್ಷ ಯಾಕೆ ಹೇಳ್ಲಿಲ್ಲ?" ಎಂದೆ. "ಒಂದನ್ನ ಕೊಟ್ಬಿಟ್ರೆ ಇನ್ನೊಂದು ಒಂಟಿ ಆಗ್ತಿತ್ತು," ಎಂದಳು. ಕಣ್ಣಿನ ಪೊರೆಯಿಂದ ಈಗ ಅವಳಿಗೆ ಯಾವುದು ಯಾರದೆಂದು ತಿಳಿಯುವುದಿಲ್ಲ. ನನಗೆ ತಿಳಿಯಿತು, ಇದೇ ಹಿಪ್ಪುನೇರಳೆ ಮರದಿಂದ ಇಬ್ಬರೂ ಬಿದ್ದಾಗ ಮುರಿದದ್ದು ನಿನ್ನ ಮುಂದಿನ ಹಲ್ಲು, ಒಂದು ಕಚ್ಚಿನಲ್ಲಿ ಅದೇ ಸಂದು. ನಾನು ಹೇಳಲಿಲ್ಲ. ಎರಡನ್ನೂ ನನ್ನ ಮೊಳೆಗೆ ಹಾಕಿದ್ದಾಳೆ. ಈಗ ಪಕ್ಕದಲ್ಲಿ ನಿಂತು ಬರೆಸುತ್ತಿದ್ದಾಳೆ, ಅವಳ ಮಾತೇ ಬರೆಯುತ್ತೇನೆ: "ಕ್ಷಮಿಸಿದೀನಿ ಅಂತ ಬರೀಬೇಡ, ಅದು ನಂಗೇ ಗೊತ್ತಿಲ್ಲ. ರೊಟ್ಟಿ ಮುಗ್ಸೋಕೆ ಬರ್ಲಿ ಅಂತ ಬರಿ. ತನ್ನದೂ ತಿನ್ಲಿ, ತಮ್ಮ ದಾವ್ರೋನಂದೂ ತಿನ್ಲಿ, ಹಾಲು ಹಂಚ್ಕೊಂಡೋನ್ನ ಬಿಟ್ರೆ ಅದನ್ನ ಮುಟ್ಟೋ ಹಕ್ಕು ಬೇರೆ ಯಾರಿಗಿದೆ? ಕಲ್ಲಾಗಿದೆ, ಚಹಾದಲ್ಲಿ ನೆನೆಸಿ ಕೊಡ್ತೀನಿ. ನಾನು ನೋಡ್ತಾ ಕೂತಿರ್ತೀನಿ." ಇನ್ನೊಂದು ಷರತ್ತಂತೆ: ಬಂದ ದಿನ ನೀನು ಮೊದಲು ಈ ಕಂಬಳಿ ಸರಿಸಿ ಒಳಗೆ ಬರಕೂಡದು, ಅವಳ ಬಾಗಿಲಿನಿಂದಲೇ ಬರಬೇಕು. ಹೆದರಬೇಡ ಮಗಾ. ಆ ಬಾಗಿಲು ನಿನ್ನಪ್ಪ ಮಾಡಿದ್ದೇ.